ಜ್ವರ ಬಂದಿದ್ದು ಸರ್ಕಾರಕ್ಕೆ ಗೊತ್ತಾಗೋದು ಹೇಗೆ? ಕ್ಲಿನಿಕ್ ಚೀಟಿಯಿಂದ ಫಾಗಿಂಗ್ ಗಾಡಿವರೆಗೆ ಪೂರ್ತಿ ಲೆಕ್ಕ ಇಲ್ಲಿದೆ

ಚಿಕ್ಕಬಳ್ಳಾಪುರ: ಮಳೆ ಶುರುವಾದರೆ ಸಾಕು, ಜಿಲ್ಲೆಯ ಕ್ಲಿನಿಕ್‌ಗಳ ಮುಂದೆ ಬೆಂಚು ಸಾಲದಂತಾಗುತ್ತದೆ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಎಲ್ಲಿ ಹೋದರೂ ಅದೇ ಮಾತು: ಜ್ವರ, ಮೈಕೈ ನೋವು, ಕೆಮ್ಮು. ‘ಈ ಸಲ ಜ್ವರ ಜಾಸ್ತಿ ಅಂತೆ’ ಅನ್ನೋದು ಟೀ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಆದರೆ ಆ ‘ಜಾಸ್ತಿ’ ಎಷ್ಟು, ಯಾವ ಬೀದಿಯಲ್ಲಿ, ಯಾವ ವಾರದಿಂದ ಅನ್ನೋದನ್ನು ಲೆಕ್ಕ ಇಡೋರು ಯಾರು? ನಿಮ್ಮ ಮನೆಯ ಜ್ವರ ಆ ಲೆಕ್ಕಕ್ಕೆ ಸೇರಿದೆಯಾ, ಇಲ್ಲವಾ?

ಇದು ಬರೀ ಅಂಕಿ ಅಂಶದ ವಿಷಯ ಅಲ್ಲ. ಆರೋಗ್ಯ ಸಿಬ್ಬಂದಿ ನಿಮ್ಮ ಬೀದಿಗೆ ಲಾರ್ವಾ ಸಮೀಕ್ಷೆಗೆ ಬರೋದು, ಫಾಗಿಂಗ್ ಆಗೋದು, ಆಸ್ಪತ್ರೆಗೆ ಔಷಧ ದಾಸ್ತಾನು ಹೆಚ್ಚಿಸೋದು, ಎಲ್ಲವೂ ಈ ಲೆಕ್ಕದ ಮೇಲೆಯೇ ನಿಂತಿದೆ. ಲೆಕ್ಕದಲ್ಲಿ ಇಲ್ಲದ ಜ್ವರ ಸರ್ಕಾರದ ಪಾಲಿಗೆ ಬಂದೇ ಇಲ್ಲ.

ಮೂರು ನಮೂನೆ, ಒಂದು ವಾರ

ದೇಶದಲ್ಲಿ ಸಾಂಕ್ರಾಮಿಕ ರೋಗಗಳ ಮೇಲೆ ಕಣ್ಣಿಡಲು 2004ರಲ್ಲಿ ಸಮಗ್ರ ರೋಗ ಕಣ್ಗಾವಲು ಯೋಜನೆ ಶುರುವಾಯಿತು. ಇದನ್ನು ಐಡಿಎಸ್‌ಪಿ ಅಂತಾರೆ. ಇದಕ್ಕೆ ಪ್ರತಿ ಜಿಲ್ಲೆಯಲ್ಲೂ ಒಂದು ಘಟಕ ಇದೆ. ಮೊದಲು ವಾರಕ್ಕೊಮ್ಮೆ ಕಾಗದದಲ್ಲಿ ಹೋಗುತ್ತಿದ್ದ ವರದಿ ಈಗ ಐಎಚ್‌ಐಪಿ ಎಂಬ ಆನ್‌ಲೈನ್ ವೇದಿಕೆಗೆ ಹೋಗುತ್ತದೆ. 2018ರಲ್ಲಿ ಮೊದಲು ಏಳು ರಾಜ್ಯಗಳಲ್ಲಿ ಇದು ಬಂತು, ಅದರಲ್ಲಿ ಕರ್ನಾಟಕವೂ ಒಂದು. 2021ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ವಿಸ್ತರಣೆ ಆಯಿತು.

ಮಾಹಿತಿ ಹೋಗೋದು ಮೂರು ನಮೂನೆಯಲ್ಲಿ.

ಮೊದಲನೆಯದು ‘ಎಸ್’. ಹಳ್ಳಿ ಉಪಕೇಂದ್ರದ ಆರೋಗ್ಯ ಕಾರ್ಯಕರ್ತೆಯರು ಲಕ್ಷಣ ನೋಡಿ ತುಂಬಿಸೋದು. ಜ್ವರ, ಜ್ವರದ ಜೊತೆ ಗುಳ್ಳೆ, ಕೆಮ್ಮು, ಭೇದಿ, ಹೀಗೆ. ಇಲ್ಲಿ ರೋಗದ ಹೆಸರು ಇರಲ್ಲ.

ಎರಡನೆಯದು ‘ಪಿ’. ಡಾಕ್ಟರು ರೋಗಿಯನ್ನು ನೋಡಿ ‘ಇದು ಡೆಂಗಿ ಇರಬಹುದು, ಇದು ಟೈಫಾಯ್ಡ್ ಇರಬಹುದು’ ಅಂತ ಅನುಮಾನಿಸಿದ್ದು.

ಮೂರನೆಯದು ‘ಎಲ್’. ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿ ಖಚಿತವಾಗಿದ್ದು.

ಸೋಮವಾರದಿಂದ ಭಾನುವಾರಕ್ಕೆ ಒಂದು ವಾರ ಅಂತ ಲೆಕ್ಕ. ಈ ವಾರದ ಸಂಖ್ಯೆಯನ್ನು ಹಿಂದಿನ ವಾರಗಳ ಜೊತೆ, ಹೋದ ವರ್ಷ ಇದೇ ವಾರದ ಜೊತೆ ಹೋಲಿಸುತ್ತಾರೆ. ಯಾಕೆಂದರೆ ಒಂಟಿ ಸಂಖ್ಯೆಗೆ ಅರ್ಥ ಇಲ್ಲ. ಒಂದು ಪಿಎಚ್‌ಸಿಯಲ್ಲಿ ವಾರಕ್ಕೆ 40 ಜ್ವರ ಬಂತು ಅಂದುಕೊಳ್ಳಿ. ಅಲ್ಲಿ ಪ್ರತಿ ಮಳೆಗಾಲದಲ್ಲೂ 40 ಬರುತ್ತಿದ್ದರೆ ಅದು ಮಾಮೂಲು. ಸಾಮಾನ್ಯವಾಗಿ ಹತ್ತೇ ಬರುತ್ತಿದ್ದರೆ, ಏನೋ ಶುರುವಾಗಿದೆ ಅಂತ ಅರ್ಥ. ಅದೂ ಹೆಚ್ಚಿನವರು ಒಂದೇ ಊರಿನವರಾಗಿದ್ದರೆ ಮಾರನೇ ದಿನವೇ ಅಲ್ಲಿಗೆ ಹೋಗಬೇಕು.

ಕೆಮ್ಮು ಜ್ವರಕ್ಕೂ ಇಂಥದ್ದೇ ಅಳತೆಗೋಲು ಇದೆ. ಹತ್ತು ದಿನದ ಒಳಗೆ ಶುರುವಾದ, 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿನ ಜ್ವರ, ಜೊತೆಗೆ ಕೆಮ್ಮು ಇದ್ದರೆ ಅದನ್ನು ‘ಐಎಲ್‌ಐ’, ಅಂದರೆ ಫ್ಲೂ ಮಾದರಿಯ ಕಾಯಿಲೆ ಅಂತ ಗುರುತು ಹಾಕುತ್ತಾರೆ. ಅದೇ ಲಕ್ಷಣಕ್ಕೆ ಅಡ್ಮಿಟ್ ಆಗಬೇಕಾಗಿ ಬಂದರೆ ‘ಸಾರಿ’. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಹಸುಗೂಸುಗಳಲ್ಲಿ ಎಚ್‌ಎಂಪಿವಿ ಸೋಂಕು ಇದೆ ಅಂತ ಸುದ್ದಿ ಆಯಿತಲ್ಲ, ಅದು ಗೊತ್ತಾಗಿದ್ದು ಉಸಿರಾಟದ ಕಾಯಿಲೆಗಳ ಮೇಲೆ ಮಾಮೂಲಾಗಿ ನಡೆಯುವ ಇಂಥ ಕಣ್ಗಾವಲಿನಿಂದಲೇ.

ಕ್ಲಿನಿಕ್‌ನಲ್ಲಿ ಪಾಸಿಟಿವ್, ಸರ್ಕಾರದ ಪಟ್ಟಿಯಲ್ಲಿ ಇಲ್ಲ!

‘ನಮ್ಮ ಬೀದಿಯಲ್ಲೇ ಹತ್ತು ಜನಕ್ಕೆ ಡೆಂಗಿ, ಇವರು ತಾಲ್ಲೂಕಿಗೆಲ್ಲ ಮೂರು ಅಂತಾರೆ’ ಅನ್ನೋ ದೂರು ಪ್ರತಿ ವರ್ಷ ಕೇಳಿಬರುತ್ತದೆ. ಇದಕ್ಕೆ ಮುಖ್ಯ ಕಾರಣ ಪರೀಕ್ಷೆಯ ವಿಧಾನ.

ಖಾಸಗಿ ಲ್ಯಾಬ್‌ಗಳಲ್ಲಿ ಹೆಚ್ಚಾಗಿ ಮಾಡೋದು ರ‍್ಯಾಪಿಡ್ ಕಾರ್ಡ್ ಟೆಸ್ಟ್. ಬೇಗ ರಿಪೋರ್ಟ್ ಸಿಗುತ್ತದೆ. ಆದರೆ ಸರ್ಕಾರದ ಲೆಕ್ಕದಲ್ಲಿ ‘ಖಚಿತ’ ಅನ್ನಿಸಿಕೊಳ್ಳೋಕೆ ಎಲಿಸಾ ವಿಧಾನದಲ್ಲೇ ಪಾಸಿಟಿವ್ ಬರಬೇಕು. ಜ್ವರ ಬಂದ ಮೊದಲ ಐದು ದಿನದಲ್ಲಾದರೆ ಎನ್‌ಎಸ್‌1, ಆಮೇಲಾದರೆ ಐಜಿಎಂ. ಕಾರ್ಡ್‌ನಲ್ಲಿ ಪಾಸಿಟಿವ್ ಬಂದವರು ‘ಶಂಕಿತ’ರ ಪಟ್ಟಿಯಲ್ಲಿ ಉಳಿಯುತ್ತಾರೆ, ಅದೂ ಕ್ಲಿನಿಕ್‌ನವರು ವರದಿ ಮಾಡಿದ್ದರೆ ಮಾತ್ರ.

ಶಂಕಿತರಿಗೂ ಖಚಿತರಿಗೂ ಎಷ್ಟು ಅಂತರ ಇರಬಹುದು ಅನ್ನೋದಕ್ಕೆ 2006ರ ಚಿಕೂನ್‌ಗುನ್ಯ ಉದಾಹರಣೆ. ಗಂಟು ಹಿಡಿದು ನಡೆಯೋಕಾಗದೆ ಮಲಗಿದ್ದನ್ನು ಹಿರಿಯರು ಇನ್ನೂ ಮರೆತಿಲ್ಲ. ಆ ವರ್ಷ ರಾಜ್ಯದಲ್ಲಿ ಶಂಕಿತರ ಸಂಖ್ಯೆಯೇ ಏಳೂವರೆ ಲಕ್ಷ ದಾಟಿತ್ತು. ಅವರಲ್ಲಿ ರಕ್ತ ಪರೀಕ್ಷೆ ಆಗಿದ್ದು ಒಂದು ಸಣ್ಣ ಪಾಲಿಗೆ ಮಾತ್ರ. ಖಚಿತ ಸಂಖ್ಯೆಯನ್ನೇ ನಂಬಿದ್ದರೆ ಅಷ್ಟು ದೊಡ್ಡ ರೋಗ ಕಣ್ಣಿಗೇ ಬೀಳುತ್ತಿರಲಿಲ್ಲ. ಹಾಗಾಗಿ ಡಾಕ್ಟರ ಅನುಮಾನಕ್ಕೂ ಲ್ಯಾಬ್ ರಿಪೋರ್ಟ್‌ನಷ್ಟೇ ಬೆಲೆ ಇದೆ.

ಮೂರು ದಿನ ತಡವಾದರೆ ಏನಾಗುತ್ತದೆ?

ಡೆಂಗಿ ಇರೋರನ್ನು ಜ್ವರದ ಮೊದಲ ಐದು ದಿನಗಳಲ್ಲಿ ಈಡಿಸ್ ಸೊಳ್ಳೆ ಕಚ್ಚಿದರೆ ವೈರಸ್ ಸೊಳ್ಳೆಗೆ ಹೋಗುತ್ತದೆ. ಆ ಸೊಳ್ಳೆ ಕೂಡಲೇ ಬೇರೆಯವರಿಗೆ ರೋಗ ಹರಡಲ್ಲ. ಅದರ ಹೊಟ್ಟೆಯಲ್ಲಿ ವೈರಸ್ ಬಲಿಯೋಕೆ 8ರಿಂದ 12 ದಿನ ಬೇಕು. ಆಮೇಲೆ ಅದು ಕಚ್ಚಿದವರಿಗೆ 4ರಿಂದ 10 ದಿನದಲ್ಲಿ ಜ್ವರ ಬರುತ್ತದೆ.

ಅಂದರೆ ಮೊದಲ ರೋಗಿಗೆ ಜ್ವರ ಬಂದಾಗಿನಿಂದ ಊರಿಗೆ ಸಿಗೋ ಸಮಯ ಒಂದು ವಾರ ಮಾತ್ರ. ಈಗ ಸಾಮಾನ್ಯವಾಗಿ ನಡೆಯೋದನ್ನು ಲೆಕ್ಕ ಹಾಕಿ. ಸೋಮವಾರ ಜ್ವರ. ಬುಧವಾರದವರೆಗೆ ಮೆಡಿಕಲ್ ಸ್ಟೋರ್ ಮಾತ್ರೆ. ಗುರುವಾರ ಕ್ಲಿನಿಕ್. ಶುಕ್ರವಾರ ರಕ್ತ ಪರೀಕ್ಷೆ, ಶನಿವಾರ ರಿಪೋರ್ಟ್. ಭಾನುವಾರ ರಜೆ. ಸೋಮವಾರ ಮಾಹಿತಿ ಆನ್‌ಲೈನ್‌ಗೆ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬರೋದು ಮಂಗಳವಾರ. ಅಷ್ಟರಲ್ಲಿ ಮೊದಲ ದಿನ ಕಚ್ಚಿದ ಸೊಳ್ಳೆ ರೋಗ ಹರಡೋಕೆ ರೆಡಿ.

ಅದೇ ರೋಗಿ ಎರಡನೇ ದಿನವೇ ಡಾಕ್ಟರ ಹತ್ತಿರ ಹೋಗಿ, ಅವರು ಅವತ್ತೇ ‘ಶಂಕಿತ’ ಅಂತ ವರದಿ ಹಾಕಿದ್ದರೆ ಸಿಬ್ಬಂದಿ ಗುರುವಾರ ಶುಕ್ರವಾರಕ್ಕೇ ಬಂದಿರುತ್ತಿದ್ದರು. ನಾಲ್ಕೈದು ದಿನ ಕೈಯಲ್ಲಿ ಇರುತ್ತಿತ್ತು.

ಪಕ್ಕದ ಬೀದಿಯವರಿಗೆ ರೋಗ ಬರುತ್ತದಾ ಇಲ್ಲವಾ ಅನ್ನೋದು ಬಹುಪಾಲು ಈ ನಾಲ್ಕೈದು ದಿನದಲ್ಲೇ ತೀರ್ಮಾನ ಆಗುತ್ತದೆ.

ತಲಕಾಯಲಬೆಟ್ಟ ಕಲಿಸಿದ್ದು

2023ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದ ಹೆಸರು ದೇಶಕ್ಕೆಲ್ಲ ಕೇಳಿಸಿತು. ಅಲ್ಲಿ ಹಿಡಿದ ಸೊಳ್ಳೆಗಳಲ್ಲಿ ಝೀಕಾ ವೈರಸ್ ಸಿಕ್ಕಿತ್ತು. ಐದು ಕಿಲೋಮೀಟರ್ ಸುತ್ತಳತೆಯಲ್ಲಿ ಆರೋಗ್ಯ ಇಲಾಖೆ ನಿಗಾ ಇಟ್ಟು, ಗರ್ಭಿಣಿಯರು ಹಾಗೂ ಜ್ವರ ಇದ್ದವರ ರಕ್ತ ಮಾದರಿ ಪರೀಕ್ಷೆಗೆ ಕಳಿಸಿತು. ಗರ್ಭಿಣಿಯರನ್ನು ಮೊದಲು ನೋಡಿದ್ದು ಯಾಕೆಂದರೆ ಝೀಕಾದಿಂದ ಹೆಚ್ಚು ಅಪಾಯ ಹೊಟ್ಟೆಯಲ್ಲಿರುವ ಮಗುವಿಗೆ.

ಗಮನಿಸಬೇಕಾದ ಸಂಗತಿ ಬೇರೆ ಇದೆ. ಸೊಳ್ಳೆ ಹಿಡಿದಿದ್ದು ಆಗಸ್ಟ್‌ನಲ್ಲಿ, ಫಲಿತಾಂಶ ಬಂದಿದ್ದು ಅಕ್ಟೋಬರ್ ಕೊನೆಗೆ. ಸೊಳ್ಳೆ ಪರೀಕ್ಷೆ ಬೇಕು, ಆದರೆ ಅದರ ಉತ್ತರ ನಿಧಾನ. ಒಂದು ವಾರದೊಳಗೆ ಸುಳಿವು ಕೊಡೋದು ಊರಿನ ಡಾಕ್ಟರ ಮುಂದೆ ಕೂತ ಜ್ವರದ ರೋಗಿಗಳ ಲೆಕ್ಕ ಮಾತ್ರ.

ಫ್ಯಾಮಿಲಿ ಡಾಕ್ಟರ ನೋಟ್‌ಬುಕ್

ಈ ಕೆಲಸವನ್ನು ಒಬ್ಬ ಹಳ್ಳಿ ಡಾಕ್ಟರೇ ಮಾಡಿ ತೋರಿಸಿದ್ದರು. ಇಂಗ್ಲೆಂಡ್‌ನ ಯಾರ್ಕ್‌ಶೈರ್ ಸೀಮೆಯ ವೆನ್ಸ್‌ಲಿಡೇಲ್ ಎಂಬ ಕಣಿವೆಯಲ್ಲಿ ವಿಲಿಯಂ ಪಿಕಲ್ಸ್ ಅಂತ ಒಬ್ಬರು ಡಾಕ್ಟರಿದ್ದರು. 1929ರಲ್ಲಿ ಸುಮಾರು 5,700 ಜನರಿರುವ ಆ ಸೀಮೆಯಲ್ಲಿ 250 ಜನಕ್ಕೆ ಕಾಮಾಲೆ ಬಂತು. ಪಿಕಲ್ಸ್‌ಗೆ ಪ್ರತಿ ಮನೆಯೂ ಗೊತ್ತು, ಯಾರು ಯಾವ ದಿನ ಎಲ್ಲಿ ಸೇರಿದ್ದರು ಅನ್ನೋದೂ ಗೊತ್ತು. ಕಾಯಿಲೆ ಇದ್ದ ಒಬ್ಬ ಹುಡುಗಿ ಊರಿನ ಸಮಾರಂಭಕ್ಕೆ ಬಂದಿದ್ದಳು, ಅಲ್ಲಿಂದ ಹರಡಿತು ಅಂತ ಅವರು ಪತ್ತೆ ಹಚ್ಚಿದರು. ರೋಗ ತಗುಲಿದ ಎಷ್ಟು ದಿನಕ್ಕೆ ಲಕ್ಷಣ ಬರುತ್ತದೆ ಅನ್ನೋದನ್ನೂ ಲೆಕ್ಕ ಹಾಕಿದರು. ದೊಡ್ಡ ಲ್ಯಾಬ್ ಇರಲಿಲ್ಲ. ತಪ್ಪದೆ ಬರೆದಿಟ್ಟ ನೋಟ್‌ಬುಕ್ ಇತ್ತು.

ಆಮೇಲೆ 1957ರಿಂದ ಆ ದೇಶದ ಫ್ಯಾಮಿಲಿ ಡಾಕ್ಟರುಗಳ ಸಂಘವೇ ಕ್ಲಿನಿಕ್‌ಗಳಿಂದ ಮಾಹಿತಿ ತರಿಸಿ ಫ್ಲೂ ಏರಿಳಿತ ನೋಡುವ ವ್ಯವಸ್ಥೆ ಕಟ್ಟಿತು. ಅದು ಈಗಲೂ ನಡೆಯುತ್ತಿದೆ. ಫ್ರಾನ್ಸ್ 1984ರಲ್ಲಿ ಇದೇ ದಾರಿ ಹಿಡಿಯಿತು.

ನಮಗೆ ಹತ್ತಿರದ ಉದಾಹರಣೆ ವೆಲ್ಲೂರು. ಅಲ್ಲಿನ ಸಿಎಂಸಿಯ ಡಾ. ಟಿ. ಜೇಕಬ್ ಜಾನ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಆಗಿನ ಉತ್ತರ ಆರ್ಕಾಟ್ ಜಿಲ್ಲೆಯಲ್ಲಿ ಒಂದು ಸರಳ ಉಪಾಯ ಮಾಡಿದರು. ಡಾಕ್ಟರುಗಳಿಗೆ ಅಂಚೆ ಕಾರ್ಡ್ ಕೊಟ್ಟರು. ಪಟ್ಟಿಯಲ್ಲಿದ್ದ ರೋಗ ಕಂಡರೆ ಬರೆದು ಡಬ್ಬಿಗೆ ಹಾಕಿದರೆ ಆಯಿತು. ಸರ್ಕಾರಿ ಡಾಕ್ಟರು ಮಾತ್ರ ಅಲ್ಲ, ಖಾಸಗಿಯವರೂ ಸೇರಿದರು. ಜಿಲ್ಲೆಯಲ್ಲಿ ಏನಾಗ್ತಿದೆ ಅನ್ನೋದನ್ನು ಅವರಿಗೇ ವಾಪಸ್ ತಿಳಿಸುವ ಪತ್ರಿಕೆಯೂ ಇತ್ತು. ಕೇರಳದ ಕೊಟ್ಟಾಯಂ ಕೂಡ ಈ ಮಾದರಿ ಅನುಸರಿಸಿತು. ವರದಿ ಮಾಡೋದು ಸುಲಭ ಇರಬೇಕು, ಮಾಡಿದವರಿಗೆ ಉತ್ತರ ಸಿಗಬೇಕು. ಎರಡೂ ಇದ್ದರೆ ಖಾಸಗಿ ಡಾಕ್ಟರೂ ಬರೆಯುತ್ತಾರೆ ಅನ್ನೋದು ಇದರಿಂದ ಗೊತ್ತಾಯಿತು.

ನಮ್ಮಲ್ಲಿ ಲೆಕ್ಕ ತಪ್ಪೋದು ಎಲ್ಲಿ?

ಬ್ರಿಟನ್‌ನಲ್ಲಿ ಪ್ರತಿಯೊಬ್ಬರೂ ಒಂದು ಕ್ಲಿನಿಕ್‌ನಲ್ಲಿ ಹೆಸರು ನೋಂದಾಯಿಸಿರುತ್ತಾರೆ. ಸಾವಿರ ಜನಕ್ಕೆ ಎಷ್ಟು ಜ್ವರ ಅಂತ ಹೇಳೋದು ಸುಲಭ. ನಮ್ಮಲ್ಲಿ ಹಾಗಲ್ಲ. ಗೌರಿಬಿದನೂರಿನವರು ಹಿಂದೂಪುರಕ್ಕೆ ಹೋಗುತ್ತಾರೆ. ಚಿಂತಾಮಣಿಯವರು ಕೋಲಾರಕ್ಕೆ, ಚಿಕ್ಕಬಳ್ಳಾಪುರದವರು ಬೆಂಗಳೂರಿಗೆ. ಒಂದೇ ಜ್ವರಕ್ಕೆ ಮೂರು ಡಾಕ್ಟರು.

ಇಲ್ಲಿ ಸಣ್ಣದಾಗಿ ಕಾಣೋ ಒಂದು ತಪ್ಪು ದೊಡ್ಡದಾಗುತ್ತದೆ, ಅದು ವಿಳಾಸ. ಬೆಂಗಳೂರಿನ ಆಸ್ಪತ್ರೆಗೆ ಸೇರಿದಾಗ ಅಲ್ಲಿನ ನೆಂಟರ ಮನೆ ವಿಳಾಸ ಬರೆಸಿದರೆ, ಸಿಬ್ಬಂದಿ ಸೊಳ್ಳೆ ಹುಡುಕೋಕೆ ಹೋಗೋದು ಆ ನೆಂಟರ ಬೀದಿಗೆ. ಸೊಳ್ಳೆ ಇರೋದು ಶಿಡ್ಲಘಟ್ಟದ ನಿಮ್ಮ ಮನೆ ಸಂಪಿನಲ್ಲಿ. ಈಡಿಸ್ ಸೊಳ್ಳೆ ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರ್ ದಾಟಿ ಹೋಗೋದು ಕಡಿಮೆ. ಹಾಗಾಗಿ ಊರು, ವಾರ್ಡ್, ಬೀದಿ ಸರಿ ಇರಲೇಬೇಕು.

ಇನ್ನೊಂದು ಮೆಡಿಕಲ್ ಸ್ಟೋರ್. ಅಲ್ಲೇ ಮಾತ್ರೆ ತಗೊಂಡು ವಾಸಿಯಾದವರು ಯಾವ ನಮೂನೆಗೂ ಸೇರಲ್ಲ. ಜ್ವರದ ಮಾತ್ರೆ ಇದ್ದಕ್ಕಿದ್ದಂತೆ ಹೆಚ್ಚು ಖರ್ಚಾಗುತ್ತಿರೋದು ಮೊದಲು ಕಾಣೋದು ಅಂಗಡಿಯವರಿಗೇ. ಅದನ್ನು ಪಿಎಚ್‌ಸಿಗೆ ಒಂದು ಫೋನ್ ಮಾಡಿ ಹೇಳಿದರೂ ಉಪಯೋಗ.

ಅಂಗಡಿಯವರು ತಿಳಿದಿರಬೇಕಾದ್ದು

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ ನಿಯಮ ತಂದಿದೆ. ಸೊಳ್ಳೆ ಹುಟ್ಟೋಕೆ ಜಾಗ ಕೊಟ್ಟರೆ ದಂಡ ಹೀಗಿದೆ:

• ಮನೆ: ನಗರದಲ್ಲಿ ₹400, ಗ್ರಾಮೀಣದಲ್ಲಿ ₹200
• ಅಂಗಡಿ, ಹೋಟೆಲ್‌ನಂಥ ವಾಣಿಜ್ಯ ಸ್ಥಳ: ನಗರದಲ್ಲಿ ₹1,000, ಗ್ರಾಮೀಣದಲ್ಲಿ ₹500
• ಕಟ್ಟಡ ಕಾಮಗಾರಿ ಜಾಗ, ಖಾಲಿ ನಿವೇಶನ: ನಗರದಲ್ಲಿ ₹2,000, ಗ್ರಾಮೀಣದಲ್ಲಿ ₹1,000

ಪಂಕ್ಚರ್ ಅಂಗಡಿಯ ಹಳೇ ಟೈರ್, ಎಳನೀರು ಅಂಗಡಿಯ ಬುರುಡೆ, ಹೋಟೆಲ್ ಹಿಂದಿನ ಡ್ರಮ್, ಗುಜರಿ ಸಾಮಾನು, ಇವೇ ಮುಖ್ಯ ಜಾಗ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ವಾರಕ್ಕೊಂದು ದಿನ ಗೊತ್ತು ಮಾಡಿ ನೀರು ಚೆಲ್ಲಿ, ಡ್ರಮ್ ಒಳಗೋಡೆ ಉಜ್ಜಿದರೆ ಆ ಸರಪಳಿ ಕಡಿಯುತ್ತದೆ. ನೀರು ವಾರಕ್ಕೊಮ್ಮೆ ಬರೋ ಬಡಾವಣೆಯಲ್ಲಿ ಚೆಲ್ಲೋದು ಕಷ್ಟ, ಅಂಥವರು ಬಟ್ಟೆ ಕಟ್ಟಿ ಬಿಗಿಯಾಗಿ ಮುಚ್ಚಬೇಕು. ಫಾಗಿಂಗ್ ಹಾರೋ ಸೊಳ್ಳೆಯನ್ನು ಮಾತ್ರ ಸಾಯಿಸುತ್ತದೆ, ನೀರಿನಲ್ಲಿರೋ ಹುಳುವನ್ನಲ್ಲ.

ಪರೀಕ್ಷೆ ದರವನ್ನೂ ಸರ್ಕಾರ 2024ರ ಜುಲೈನಲ್ಲಿ ನಿಗದಿ ಮಾಡಿದೆ. ಖಾಸಗಿಯಲ್ಲಿ ಎನ್‌ಎಸ್‌1 ಎಲಿಸಾಗೆ ₹300, ಐಜಿಎಂ ಎಲಿಸಾಗೆ ₹300, ರ‍್ಯಾಪಿಡ್ ಕಾರ್ಡ್‌ಗೆ ₹250.

ಜ್ವರ ಬಂದರೆ ಇಷ್ಟು ಮಾಡಿ

• ಎರಡನೇ ದಿನಕ್ಕೂ ಜ್ವರ ಬಿಡದಿದ್ದರೆ ಡಾಕ್ಟರಿಗೆ ತೋರಿಸಿ. ಜ್ವರ ಶುರುವಾದ ದಿನಾಂಕ ನೆನಪಿಟ್ಟು ಹೇಳಿ, ಯಾವ ಪರೀಕ್ಷೆ ಬೇಕು ಅನ್ನೋದು ಅದರ ಮೇಲೆ ನಿಂತಿದೆ.
• ನೀವು ನಿಜವಾಗಿ ವಾಸ ಇರುವ ಊರು, ವಾರ್ಡ್, ಬೀದಿ ಬರೆಸಿ. ಹಿಂದಿನ ಎರಡು ವಾರದಲ್ಲಿ ಬೇರೆ ಊರಿಗೆ ಹೋಗಿದ್ದರೆ ಅದನ್ನೂ ಹೇಳಿ.
• ಕಾರ್ಡ್ ಟೆಸ್ಟ್ ಪಾಸಿಟಿವ್ ಬಂದರೆ ‘ಸರ್ಕಾರಿ ಆಸ್ಪತ್ರೆಗೆ ತಿಳಿಸಿದ್ದೀರಾ, ಎಲಿಸಾಗೆ ರಕ್ತ ಕಳಿಸಬೇಕಾ’ ಅಂತ ಕೇಳಿ.
• ಡೆಂಗಿ ಅನುಮಾನ ಇದ್ದಾಗ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ರಕ್ತಸ್ರಾವ ಹೆಚ್ಚಿಸಬಹುದು.
• ಜ್ವರ ಇಳಿಯೋ ಹೊತ್ತಲ್ಲಿ ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಮೂಗು ಒಸಡಲ್ಲಿ ರಕ್ತ, ತುಂಬಾ ಸುಸ್ತು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ.
• ಜ್ವರ ಇದ್ದವರು ಹಗಲಲ್ಲೂ ಸೊಳ್ಳೆಪರದೆಯೊಳಗೆ ಮಲಗಲಿ. ಈಡಿಸ್ ಕಚ್ಚೋದು ಹಗಲಲ್ಲೇ.
• ಒಂದೇ ಬೀದಿಯಲ್ಲಿ ಮೂರ್ನಾಲ್ಕು ಮನೆಗೆ ಜ್ವರ ಇದ್ದರೆ ಆಶಾ ಕಾರ್ಯಕರ್ತೆಗೆ ಅಥವಾ ಪಿಎಚ್‌ಸಿಗೆ ತಿಳಿಸಿ. ಆರೋಗ್ಯ ಸಹಾಯವಾಣಿ 104.