ಇನ್ನೂರ ನಲವತ್ತು ನಿಮಿಷಗಳ ಹಂಚಿಕೆ

2012ನೆಯ ಇಸವಿ ನವೆಂಬರ್ 29ರ ರಾತ್ರಿ ಅಮೆರಿಕದ ಮಯಾಮಿ ನಗರದಲ್ಲಿ ಒಂದು ಬ್ಯಾಸ್ಕೆಟ್‌ಬಾಲ್ ಪಂದ್ಯ ನಡೆಯಿತು. ಸ್ಯಾನ್ ಆಂಟೋನಿಯೋ ಸ್ಪರ್ಸ್ ತಂಡದ ಹೆಸರಾಂತ ಆಟಗಾರರನ್ನು ಕಾಣಬೇಕೆಂದು ಹಣ ತೆತ್ತು ಬಂದಿದ್ದ ಪ್ರೇಕ್ಷಕರಿಗೆ ಅಂದು ನಿರಾಶೆಯೇ ಕಾದಿದ್ದಿತು. ಆ ತಂಡದ ತರಬೇತುದಾರರಾದ ಗ್ರೆಗ್ ಪಾಪೊವಿಚ್ ಅವರು, 36 ವರ್ಷದ ಟಿಮ್ ಡಂಕನ್, 35 ವರ್ಷದ ಮನು ಜಿನೋಬಿಲಿ ಇವರೂ ಸೇರಿದಂತೆ ನಾಲ್ವರು ಮುಖ್ಯ ಆಟಗಾರರನ್ನು ಪಂದ್ಯಕ್ಕೆ ಮೊದಲೇ ವಿಮಾನದಲ್ಲಿ ಊರಿಗೆ ಕಳುಹಿಸಿಬಿಟ್ಟಿದ್ದರು. ಐದು ರಾತ್ರಿಗಳಲ್ಲಿ ಅದು ಆ ತಂಡದ ನಾಲ್ಕನೆಯ ಪಂದ್ಯವಾಗಿದ್ದಿತು. ಉಳಿದ ಆಟಗಾರರು ಕಡೆಯವರೆಗೂ ಸೆಣಸಿ 105ಕ್ಕೆ 100 ಅಂಕಗಳಿಂದ ಸೋತರು. ಮರುದಿನವೇ ವೃತ್ತಿ ಬ್ಯಾಸ್ಕೆಟ್‌ಬಾಲಿನ ಆಡಳಿತ ಸಂಸ್ಥೆಯಾದ ಎನ್.ಬಿ.ಎ. ಆ ತಂಡಕ್ಕೆ 2,50,000 ಡಾಲರುಗಳ ದಂಡ ವಿಧಿಸಿತು.

ಪಾಪೊವಿಚ್ ಅವರು ಮಾಡಿದುದು ಅಪರಾಧವೋ ವಿವೇಕವೋ? ಇದನ್ನು ತೀರ್ಮಾನಿಸಬೇಕಾದರೆ ನಾವು ಸ್ವಲ್ಪ ಗಣಿತವನ್ನೂ ಸ್ವಲ್ಪ ಶರೀರಶಾಸ್ತ್ರವನ್ನೂ ತಿಳಿಯಬೇಕಾಗುತ್ತದೆ.

ಗಣಿತವು ಬಹು ಸರಳವಾದುದು. ಎನ್.ಬಿ.ಎ. ಪಂದ್ಯದ ಅವಧಿ 48 ನಿಮಿಷ. ಅಂಗಳದಲ್ಲಿ ತಂಡಕ್ಕೆ ಐವರು. ಐದನ್ನು 48ರಿಂದ ಗುಣಿಸಿದರೆ 240. ತರಬೇತುದಾರನ ಕೈಯಲ್ಲಿರುವ ಬಂಡವಾಳವೆಲ್ಲ ಈ 240 ನಿಮಿಷಗಳೇ. ತಂಡದಲ್ಲಿರುವ ಸುಮಾರು 15 ಮಂದಿಗೆ ಇದನ್ನೇ ಹಂಚಬೇಕು. ಒಬ್ಬನಿಗೆ ಕೊಟ್ಟ ನಿಮಿಷವು ಇನ್ನೊಬ್ಬನಿಂದ ಕಳೆದ ನಿಮಿಷ. ಹೊರಗೆ ಬಂದ ಆಟಗಾರನು ಮತ್ತೆ ಒಳಗೆ ಹೋಗಲು ಈ ಆಟದಲ್ಲಿ ಅಡ್ಡಿಯಿಲ್ಲ. ಬದಲಾವಣೆಗಳಿಗೆ ಮಿತಿಯೂ ಇಲ್ಲ. ಆದುದರಿಂದ ಹಂಚಿಕೆಯ ಪ್ರಶ್ನೆಯು ಕ್ಷಣಕ್ಷಣಕ್ಕೂ ಏಳುತ್ತದೆ. ಇಂತಹ ಪಂದ್ಯಗಳು ಆರು ತಿಂಗಳೊಳಗೆ 82 ನಡೆಯುವುವು.

ಇನ್ನು ಶರೀರದ ಕಡೆಗೆ ತಿರುಗೋಣ. ಆಟಗಾರನ ದೇಹದಲ್ಲಿ ಮೂರು ಗಡಿಯಾರಗಳಿವೆ ಎಂದು ಭಾವಿಸಬಹುದು. ಮೊದಲನೆಯದು ನಿಮಿಷಗಳ ಗಡಿಯಾರ. ಮೇಲಕ್ಕೆ ಜಿಗಿಯುವಾಗ, ರಭಸದಿಂದ ಓಡುವಾಗ ಮಾಂಸಖಂಡಗಳು ಕ್ರಿಯಾಟಿನ್ ಫಾಸ್ಫೇಟ್ ಎಂಬ ವಸ್ತುವಿನಿಂದ ಶಕ್ತಿಯನ್ನು ಪಡೆಯುತ್ತವೆ. ಪೂರ್ಣ ರಭಸದಲ್ಲಿ ಇದು ಸುಮಾರು ಹತ್ತು ಸೆಕೆಂಡುಗಳಲ್ಲಿ ಬಹುಮಟ್ಟಿಗೆ ತೀರುತ್ತದೆ. ಕೆಲವು ನಿಮಿಷ ಸುಮ್ಮನೆ ಕುಳಿತರೆ ಮತ್ತೆ ತುಂಬಿಕೊಳ್ಳುತ್ತದೆ. ಎರಡನೆಯದು ದಿನಗಳ ಗಡಿಯಾರ. ದೀರ್ಘಕಾಲದ ಶ್ರಮಕ್ಕೆ ಬೇಕಾದ ಗ್ಲೈಕೊಜೆನ್ ಎಂಬ ಶರ್ಕರದ ಸಂಗ್ರಹವು ಬರಿದಾದರೆ, ಚೆನ್ನಾಗಿ ಉಂಡು ವಿಶ್ರಮಿಸಿದರೂ ತುಂಬಲು ಒಂದು ದಿನವೋ ಅದಕ್ಕೂ ಹೆಚ್ಚೋ ಹಿಡಿಯುವುದು. ಮೂರನೆಯದು ವಾರಗಳ, ತಿಂಗಳುಗಳ ಗಡಿಯಾರ. ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜುಗಳಿಗೆ ರಕ್ತದ ಪೂರೈಕೆ ಕಡಿಮೆ. ಆದುದರಿಂದ ಅವುಗಳಲ್ಲಿ ಆದ ಸವೆತವು ಬಹು ನಿಧಾನವಾಗಿ ದುರಸ್ತಿಯಾಗುತ್ತದೆ.

ಪಂದ್ಯದ ನಡುವೆ ಬೆಂಚಿನ ಮೇಲೆ ಕುಳಿತರೆ ಮೊದಲನೆಯ ಗಡಿಯಾರಕ್ಕೆ ಮಾತ್ರ ಸಮಾಧಾನ. ಉಳಿದೆರಡಕ್ಕೆ ಬೇಕಾದುದು ಪಂದ್ಯವೇ ಇಲ್ಲದ ದಿನ. ವಯಸ್ಸಾದಂತೆ ಹೃದಯವು ಮುಟ್ಟಬಲ್ಲ ಗರಿಷ್ಠ ಬಡಿತ ಇಳಿಯುತ್ತದೆ; ರಜ್ಜುಗಳ ದುರಸ್ತಿ ಇನ್ನಷ್ಟು ತಡವಾಗುತ್ತದೆ. ಪಾಪೊವಿಚ್ ಅವರು ನಾಲ್ವರನ್ನು ಬೆಂಚಿನ ಮೇಲೆ ಕೂರಿಸದೆ ಊರಿಗೇ ಕಳುಹಿಸಿದುದರ ಮರ್ಮವು ಇಲ್ಲಿದೆ.

ಹಾಗಾದರೆ ಹಿರಿಯರನ್ನು ಬಿಟ್ಟು ತರುಣರನ್ನೇ ಆಡಿಸಬಾರದೇಕೆ ಎಂದು ವಾಚಕರು ಕೇಳಬಹುದು. 2008ರಲ್ಲಿ ರೋಮ್ ನಗರದ ಸಂಶೋಧಕರು ಪ್ರಕಟಿಸಿದ ಒಂದು ಪ್ರಯೋಗವು ಇದಕ್ಕೆ ಉತ್ತರ ನೀಡುತ್ತದೆ. ಅವರು ನುರಿತ ಆಟಗಾರರಿಗೂ, ತರಬೇತುದಾರರು ಮತ್ತು ಕ್ರೀಡಾ ಪತ್ರಕರ್ತರಿಗೂ, ಆಟವರಿಯದವರಿಗೂ ಚೆಂಡೆಸೆತದ ಚಲಚ್ಚಿತ್ರಗಳನ್ನು ತೋರಿಸಿ, ನಡುವೆಯೇ ನಿಲ್ಲಿಸಿ, ಚೆಂಡು ಬುಟ್ಟಿಗೆ ಬೀಳುವುದೇ ಇಲ್ಲವೇ ಎಂದು ಕೇಳಿದರು. ಆಟಗಾರರು ಇತರರಿಗಿಂತ ಮೊದಲೇ, ಇತರರಿಗಿಂತ ಸರಿಯಾಗಿ ಹೇಳಿದರು. ಚೆಂಡು ಕೈಬಿಡುವ ಮುನ್ನವೇ ಎಸೆಯುವವನ ದೇಹದ ಚಲನೆಯಿಂದ ಫಲವನ್ನು ಊಹಿಸಬಲ್ಲವರಾಗಿದ್ದರು. ಅನುಭವವೆಂದರೆ ಇದೇ. ಹಿರಿಯನ ಕಾಲು ನಿಧಾನವಾದರೂ ಕಣ್ಣು ಮುಂದೆ ಓಡುತ್ತದೆ.

ಆದರೆ ಇದೇ ಪ್ರಯೋಗಕ್ಕೆ ಇನ್ನೊಂದು ಮುಖವೂ ಉಂಟು. ವರ್ಷಗಟ್ಟಲೆ ಆಟವನ್ನು ನೋಡಿದವರು ಆಡಿದವರಿಗೆ ಸಮನಾಗಲಿಲ್ಲ. ಎಂದರೆ, ತರುಣನನ್ನು ಬೆಂಚಿನ ಮೇಲೆ ಕೂರಿಸಿ ‘ನೋಡಿ ಕಲಿ’ ಎಂದರೆ ಅವನು ಅರ್ಧ ಮಾತ್ರ ಕಲಿಯುವನು. ಅನುಭವವನ್ನು ನಿಮಿಷಗಳಿಂದಲೇ ಕೊಳ್ಳಬೇಕು. ಆ ನಿಮಿಷಗಳಲ್ಲಿ ಅವನು ಮಾಡುವ ತಪ್ಪುಗಳಿಗೆ ತಂಡವು ಬೆಲೆ ತೆರಬೇಕು. ಇಂದು ಗೆಲ್ಲಬೇಕೆಂಬ ಆಸೆಗೂ ನಾಳೆಗೆ ಸಿದ್ಧವಾಗಬೇಕೆಂಬ ಎಚ್ಚರಕ್ಕೂ ಇರುವ ಜಗಳವು ಇದೇ.

ಸ್ಪರ್ಸ್ ತಂಡವು ಈ ಜಗಳವನ್ನು ಹೇಗೆ ಬಗೆಹರಿಸಿತು? 2013ರ ಅಂತಿಮ ಸರಣಿಯಲ್ಲಿ ಅದು ಮಯಾಮಿ ತಂಡಕ್ಕೇ ಏಳನೆಯ ಪಂದ್ಯದಲ್ಲಿ ಸೋತಿತು. ಮರುವರ್ಷ, 2013-14ರಲ್ಲಿ, ಆ ತಂಡದ ಒಬ್ಬ ಆಟಗಾರನೂ ಪಂದ್ಯಕ್ಕೆ ಸರಾಸರಿ 30 ನಿಮಿಷ ಆಡಲಿಲ್ಲ. ಡಂಕನ್ ಅವರ ಸರಾಸರಿ 29.2, ಅವರಿಗಿಂತ 15 ವರ್ಷ ಕಿರಿಯರಾದ ಕವಾಯ್ ಲೆನರ್ಡ್ ಅವರದು 29.1. ಹಿರಿಯನೂ ಕಿರಿಯನೂ ತಕ್ಕಡಿಯಲ್ಲಿ ಸಮ ತೂಗಿದಂತೆ! ಆ ವರ್ಷ ತಂಡವು 62 ಪಂದ್ಯಗಳನ್ನು ಗೆದ್ದು, ಅಂತಿಮ ಸರಣಿಯಲ್ಲಿ ಮಯಾಮಿಯನ್ನು 4-1ರಿಂದ ಸೋಲಿಸಿತು. ಸರಣಿಯ ಶ್ರೇಷ್ಠ ಆಟಗಾರನೆಂಬ ಗೌರವವು 22 ವರ್ಷದ ಲೆನರ್ಡ್ ಅವರಿಗೆ ದೊರೆಯಿತು. 38 ವರ್ಷದ ಡಂಕನ್ ಅವರ ಪಾಲಿಗೆ ಅದು ಐದನೆಯ ಪ್ರಶಸ್ತಿ.

ಒಂದು ತಂಡದ ಗೆಲುವಿನಿಂದ ಸಿದ್ಧಾಂತವನ್ನು ಕಟ್ಟುವುದು ವಿಜ್ಞಾನದ ರೀತಿಯಲ್ಲ. 1961-62ರಲ್ಲಿ ವಿಲ್ಟ್ ಚೇಂಬರ್‌ಲೇನ್ ಅವರು ಪಂದ್ಯಕ್ಕೆ ಸರಾಸರಿ 48.5 ನಿಮಿಷ ಆಡಿದರು. 48 ನಿಮಿಷದ ಪಂದ್ಯದಲ್ಲಿ 48.5 ಹೇಗೆಂದರೆ, ಅಂಕಗಳು ಸಮನಾದಾಗ ಸೇರಿಸುವ ಹೆಚ್ಚಿನ ಅವಧಿಯನ್ನೂ ಅವರು ಬಿಡಲಿಲ್ಲ. ಅಷ್ಟು ದುಡಿದ ಮೇಲೂ ಅವರು 1973ರವರೆಗೆ ಆಡಿದರು. ದೇಹ ದೇಹಕ್ಕೂ ವ್ಯತ್ಯಾಸವುಂಟು. ಎಲ್ಲರಿಗೂ ಒಂದೇ ಅಳತೆಗೋಲು ಸಲ್ಲದು.

ಈ ಎಚ್ಚರವು ತರುಣರಿಗೂ ಬೇಕಾದುದು. ದೇಹದ ಎತ್ತರ ಇಮ್ಮಡಿಯಾದರೆ ಎಲುಬಿನ ಅಡ್ಡಕೊಯ್ತ ನಾಲ್ಮಡಿಯಾಗುವುದು, ತೂಕ ಎಂಟುಮಡಿಯಾಗುವುದು. ಗೆಲಿಲಿಯೋ 1638ರಲ್ಲಿಯೇ ಈ ತತ್ತ್ವವನ್ನು ವಿವರಿಸಿದ್ದನು. ಎತ್ತರದವರ ಪಾದದ ಎಲುಬುಗಳಿಗೆ ಅಪಾಯ ಹೆಚ್ಚೇಕೆಂಬುದು ಇದರಿಂದ ಭಾಗಶಃ ತಿಳಿಯುವುದು. 2023-24ರಲ್ಲಿ ಅದೇ ಸ್ಪರ್ಸ್ ತಂಡವನ್ನು ಸೇರಿದ 2.24 ಮೀಟರ್ ಎತ್ತರದ ವಿಕ್ಟರ್ ವೆಂಬಾನ್ಯಾಮಾ ಅವರನ್ನು ಮೊದಲ ವರ್ಷ ಸರಾಸರಿ 29.7 ನಿಮಿಷ ಮಾತ್ರ ಆಡಿಸಲಾಯಿತು. ಮರುವರ್ಷ ಅವರ ಜೊತೆಗೆ ಬಂದ 39 ವರ್ಷದ ಕ್ರಿಸ್ ಪಾಲ್ ಅವರು 82 ಪಂದ್ಯಗಳಲ್ಲಿ ಒಂದನ್ನೂ ತಪ್ಪಿಸಲಿಲ್ಲ. ಸರಾಸರಿ 28 ನಿಮಿಷ. ಆ ಎರಡೂ ವರ್ಷ ತಂಡವು ಗೆದ್ದುದಕ್ಕಿಂತ ಸೋತುದೇ ಹೆಚ್ಚು. ಕಲಿಕೆಗೆ ತೆತ್ತ ಶುಲ್ಕವೆಂದು ಅದನ್ನು ಎಣಿಸಬೇಕು.

ಪ್ರೇಕ್ಷಕನ ಅಸಮಾಧಾನವೂ ನ್ಯಾಯವಾದುದೇ. ಮುಖ್ಯ ಪ್ರಶಸ್ತಿಗಳಿಗೆ ಅರ್ಹನಾಗಲು ಆಟಗಾರನು ಸಾಮಾನ್ಯವಾಗಿ ಕನಿಷ್ಠ 65 ಪಂದ್ಯಗಳನ್ನು ಆಡಿರಬೇಕೆಂದು ಎನ್.ಬಿ.ಎ. 2023-24ರಿಂದ ನಿಯಮ ಮಾಡಿತು. ಆದರೆ ನಿಯಮಗಳು ಸ್ನಾಯುರಜ್ಜುವಿನ ಗಡಿಯಾರವನ್ನು ಓಡಿಸಲಾರವು.

ನಮ್ಮ ರೈತನು ಹೊಸ ಹೋರಿಯನ್ನು ಪಳಗಿದ ಎತ್ತಿನ ಜೊತೆಗೆ ನೊಗಕ್ಕೆ ಹೂಡುತ್ತಾನೆ. ಹೋರಿಯು ಸಾಲು ಹಿಡಿಯುವುದನ್ನು ಕಲಿಯುತ್ತದೆ. ಎತ್ತಿನ ಹೆಗಲ ಭಾರ ಮೆಲ್ಲಮೆಲ್ಲನೆ ಇಳಿಯುತ್ತದೆ. 240 ನಿಮಿಷಗಳನ್ನು ಹಂಚುವವನ ಲೆಕ್ಕವೂ ಇಂತಹುದೇ. ಮುಂದೆ ವಾಚಕರು ಈ ಆಟವನ್ನು ನೋಡುವಾಗ ಚೆಂಡಿನಿಂದ ಒಂದಿಷ್ಟು ಹೊತ್ತು ಕಣ್ಣು ತೆಗೆದು ಬೆಂಚಿನ ಕಡೆಗೂ ನೋಡಲಿ. ಅಲ್ಲಿ ಯಾರು ಎದ್ದರು, ಯಾರು ಕುಳಿತರು ಎಂಬುದರಲ್ಲಿ ಮುಂದಿನ ವರ್ಷದ ಆಟವೂ ಅಡಗಿರುತ್ತದೆ.