ಗಾಲಿಯ ಮೇಲಣ ಮನೆ

ಹಿಂದೆ ನಮ್ಮ ಹಳ್ಳಿಗಳಲ್ಲಿ ದೂರದ ಜಾತ್ರೆಗೆ ಹೊರಡುವ ಗಾಡಿಯವನು ಎತ್ತುಗಳನ್ನು ಹೂಡುವ ಮುನ್ನ ಬಗ್ಗಿ ಗಾಲಿಯ ಕಡಾಣಿಯನ್ನು ಮುಟ್ಟಿ ನೋಡುತ್ತಿದ್ದನು. ಆ ಪುಟ್ಟ ಕೀಲು ಕಳಚಿಬಿದ್ದರೆ ಗಾಲಿಯು ಅಚ್ಚಿನಿಂದ ಜಾರಿ ಗಾಡಿಯೇ ಮಗುಚುವುದೆಂಬುದನ್ನು ಅವನು ಬಲ್ಲವನಾಗಿದ್ದನು. ಪ್ರಯಾಣದ ಸಾಧನಗಳು ಇಂದು ಬದಲಾಗಿವೆ; ಆದರೆ ಸಣ್ಣ ಕೀಲಿನ ಮಹತ್ವವು ಕಡಮೆಯಾಗಿಲ್ಲ.

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಅನೇಕ ಕುಟುಂಬಗಳು ಗಾಲಿಗಳ ಮೇಲೆ ಒಂದು ಮನೆಯನ್ನೇ ಕಟ್ಟಿಕೊಂಡು ಪ್ರವಾಸ ಹೋಗುವುದುಂಟು. ಮಂಚ, ಒಲೆ, ದೀಪ, ಫ್ಯಾನು, ರೆಫ್ರಿಜರೇಟರು ಎಲ್ಲವೂ ಆ ಒಂದೇ ವಾಹನದಲ್ಲಿ ಅಡಕವಾಗಿರುತ್ತವೆ. ಅಲ್ಲಿ ಅದನ್ನು ‘ಆರ್.ವಿ.’ ಎನ್ನುತ್ತಾರೆ; ನಮ್ಮಲ್ಲಿ ಅಂತಹ ವಾಹನಕ್ಕೆ ‘ಕ್ಯಾರವಾನ್’ ಎಂಬ ಹೆಸರು ಬಳಕೆಯಲ್ಲಿದೆ. ಅದರಲ್ಲಿ ಸಾಮಾನ್ಯವಾಗಿ ವಿದ್ಯುತ್ತಿನ ಎರಡು ಏರ್ಪಾಡುಗಳಿರುತ್ತವೆ. ಒಂದು, ಬ್ಯಾಟರಿಯಿಂದ ದೊರೆಯುವ 12 ವೋಲ್ಟಿನದು; ಇನ್ನೊಂದು, ತಂಗುದಾಣದ ಕಂಬದಿಂದ ಕೇಬಲ್ಲಿನ ಮೂಲಕ ಪಡೆಯುವ 120 ವೋಲ್ಟಿನದು.

ಮನೆಯ ಗೋಡೆಯೊಳಗಿನ ತಂತಿಯು ಇದ್ದಲ್ಲಿಯೇ ಇರುತ್ತದೆ. ವಾಹನದ ತಂತಿಯಾದರೋ ದಾರಿಯುದ್ದಕ್ಕೂ ನಡುಗುತ್ತಿರುತ್ತದೆ. ಈ ಕಂಪನದಿಂದ ಕ್ರಮೇಣ ತಿರುಪುಗಳು ಸಡಿಲವಾಗುತ್ತವೆ. ತೇವದಿಂದ ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ. ಆದುದರಿಂದ ಇಂತಹ ವಾಹನದಲ್ಲಿ ಮೊದಲು ಸಂಶಯಪಡಬೇಕಾದುದು ತಂತಿಯನ್ನಲ್ಲ, ತಂತಿಗಳು ಕೂಡುವ ಸಂಧಿಯನ್ನು.

ಸಡಿಲವಾದ ಸಂಧಿಯಲ್ಲಿ ಲೋಹವು ಲೋಹವನ್ನು ಕೆಲವೇ ಬಿಂದುಗಳಲ್ಲಿ ತಾಗುವುದರಿಂದ ಅಲ್ಲಿ ರೋಧವು ಹೆಚ್ಚುತ್ತದೆ. ರೋಧವಿರುವಲ್ಲಿ ಶಾಖವು ಹುಟ್ಟುತ್ತದೆ. ಆ ಶಾಖವು ರೋಧಕ್ಕೂ ಪ್ರವಾಹದ ವರ್ಗಕ್ಕೂ ಅನುಗುಣವಾಗಿರುವುದೆಂದು ಇಂಗ್ಲೆಂಡಿನ ವಿಜ್ಞಾನಿ ಜೇಮ್ಸ್ ಪ್ರೆಸ್ಕಾಟ್ ಜೌಲ್ 1841ರಲ್ಲಿ ತಿಳಿಯಪಡಿಸಿದನು. ಒಂದು ಸಂಧಿಯ ರೋಧವು 0.1 ಓಮ್ ಎಂದುಕೊಳ್ಳೋಣ. ಅದರ ಮೂಲಕ 10 ಆಂಪಿಯರ್ ಪ್ರವಾಹ ಹರಿದರೆ 10 ವ್ಯಾಟ್, 30 ಆಂಪಿಯರ್ ಹರಿದರೆ 90 ವ್ಯಾಟ್ ಶಾಖ ಉತ್ಪತ್ತಿಯಾಗುತ್ತದೆ. ರೇಡಿಯೋ ದುರಸ್ತಿಯಲ್ಲಿ ಬೆಸುಗೆ ಹಾಕುವ ಉಪಕರಣಕ್ಕೆ 25 ವ್ಯಾಟ್ ಸಾಕು ಎಂಬುದನ್ನು ನೆನೆದರೆ, ಮರದ ಹಲಗೆಯ ಹಿಂದೆ ಅಡಗಿರುವ ಇಂತಹ ಸಂಧಿ ಎಷ್ಟು ಭಯಂಕರವೆಂಬುದು ಹೊಳೆಯುತ್ತದೆ.

12 ವೋಲ್ಟ್ ನಿರಪಾಯವೆಂದು ಕೆಲವರು ಭಾವಿಸುತ್ತಾರೆ. ಅದು ಸಾಮಾನ್ಯವಾಗಿ ನಮಗೆ ಆಘಾತವನ್ನುಂಟುಮಾಡದಿರುವುದು ನಿಜ. ಆದರೆ 120 ವ್ಯಾಟಿನ ಉಪಕರಣವು 120 ವೋಲ್ಟಿನಲ್ಲಿ 1 ಆಂಪಿಯರ್ ಪಡೆದರೆ, 12 ವೋಲ್ಟಿನಲ್ಲಿ 10 ಆಂಪಿಯರ್ ಪಡೆಯಬೇಕಾಗುತ್ತದೆ. ಪ್ರವಾಹವು ಹೆಚ್ಚಿದಷ್ಟೂ ಸಂಧಿಯು ಕಾಯುತ್ತದೆ. ಫ್ಯೂಸು ನಮ್ಮನ್ನು ಕಾಪಾಡುವುದಿಲ್ಲವೇ? ಪ್ರವಾಹವು ಮಿತಿಮೀರಿದಾಗ ಮಾತ್ರ ಫ್ಯೂಸು ಕರಗುತ್ತದೆ. ಸಡಿಲ ಸಂಧಿಯು ಪ್ರವಾಹವನ್ನು ಹೆಚ್ಚಿಸುವುದಿಲ್ಲ. ಸಂಧಿಯು ಕಪ್ಪಾಗುತ್ತಿದ್ದರೂ ಫ್ಯೂಸು ಸುಮ್ಮನಿರುತ್ತದೆ. ಅಲ್ಲಿ ನಮ್ಮ ಕಣ್ಣೇ ಕಾವಲು.

ಇನ್ನೊಂದು ಅಪಾಯವು ಭೂಸಂಪರ್ಕಕ್ಕೆ ಸೇರಿದುದು. ವಾಹನದ ಮೈ ಲೋಹದ್ದು. ನಿಂತಿರುವುದು ರಬ್ಬರಿನ ಗಾಲಿಗಳ ಮೇಲೆ. ಭೂಸಂಪರ್ಕ ತಂತಿ ಕಳಚಿರುವಾಗ ಸಜೀವ ತಂತಿಯು ಲೋಹಕ್ಕೆ ತಗುಲಿದರೆ ವಾಹನದ ಮೈಯೆಲ್ಲ ವಿದ್ಯುನ್ಮಯವಾಗುತ್ತದೆ. ಒಳಗಿರುವವರಿಗೆ ಅದು ತಿಳಿಯದೆಯೇ ಇರಬಹುದು. ಒದ್ದೆಯ ನೆಲದಲ್ಲಿ ಬರಿಗಾಲಲ್ಲಿ ನಿಂತು ಬಾಗಿಲ ಹಿಡಿಯನ್ನು ಮುಟ್ಟಿದ ಮಗುವಿಗೆ ಅದು ಪ್ರಾಣಾಂತಿಕವಾಗಬಲ್ಲದು.

ಪರೀಕ್ಷೆಯನ್ನು ತಿಳಿದವರು ಕ್ರಮವಾಗಿ ನಡೆಸುತ್ತಾರೆ. ಮೊದಲು ಕಂಬದ ಕೇಬಲ್ಲನ್ನು ಕಳಚಿ, ಬ್ಯಾಟರಿಯ ಸಂಪರ್ಕವನ್ನು ಬಿಡಿಸುತ್ತಾರೆ. ಜನರೇಟರು, ಇನ್ವರ್ಟರು, ಛಾವಣಿಯ ಸೌರಫಲಕಗಳಿದ್ದರೆ ಅವುಗಳನ್ನೂ ಬೇರ್ಪಡಿಸುತ್ತಾರೆ. ಎಲ್ಲಿಯೂ ವಿದ್ಯುತ್ತು ಉಳಿದಿಲ್ಲವೆಂಬುದನ್ನು ಮಾಪಕದಿಂದ ಖಚಿತಪಡಿಸಿಕೊಳ್ಳುತ್ತಾರೆ. ಬಳಿಕ ಒಂದೊಂದು ಸಂಧಿಯಲ್ಲಿಯೂ ಬಣ್ಣಗೆಟ್ಟ ಪ್ಲಾಸ್ಟಿಕ್, ಸುಟ್ಟ ವಾಸನೆ, ಕಿಲುಬು ಇವುಗಳನ್ನು ಅರಸುತ್ತಾರೆ. ತಂತಿಯನ್ನು ಮೆಲ್ಲನೆ ಎಳೆದು ನೋಡುತ್ತಾರೆ. ತಿರುಪನ್ನು ತಯಾರಕರು ಹೇಳಿದಷ್ಟೇ ಬಿಗಿಯುತ್ತಾರೆ. ಅತಿಯಾಗಿ ಬಿಗಿದರೆ ತಂತಿಯ ಎಳೆಗಳು ತುಂಡಾದಾವು. ಕೊನೆಗೆ ಭೂಸಂಪರ್ಕವು ಮೊದಲಿನಿಂದ ತುದಿಯವರೆಗೆ ಅಖಂಡವಾಗಿದೆಯೇ ಎಂದು ಅಳೆದು ನೋಡುತ್ತಾರೆ.

ನಮ್ಮಲ್ಲಿ ಅನೇಕರು ಇಂತಹ ವಾಹನವನ್ನು ಏರಿರಲಾರರು. ಆದರೆ ಸಡಿಲವಾದ ಸಂಧಿಯು ನಮ್ಮ ಮನೆಯ ಸ್ವಿಚ್ಚಿನ ಹಿಂದೆಯೂ ಇರಬಹುದು. ಉತ್ಸವದ ಚಪ್ಪರಕ್ಕೆ ತರಾತುರಿಯಲ್ಲಿ ಎಳೆದ ದೀಪದ ಸರದಲ್ಲಿಯೂ ಇರಬಹುದು. ನಮ್ಮ ಮನೆಗಳಲ್ಲಿರುವುದು 230 ವೋಲ್ಟ್. ಪ್ಲಗ್ಗು ಬಿಸಿಯಾಗಿದ್ದರೆ, ದೀಪವು ಮಿಣುಕಿದರೆ, ಸುಟ್ಟ ವಾಸನೆ ಬಂದರೆ ನೀವು ಅದನ್ನು ಬಿಚ್ಚಲು ಹೋಗಬೇಡಿರಿ. ಕೂಡಲೆ ಹಿರಿಯರಿಗೆ ತಿಳಿಸಿ, ಮುಖ್ಯ ಸ್ವಿಚ್ಚನ್ನು ಆರಿಸುವಂತೆ ಹೇಳಿ, ಬಲ್ಲ ಎಲೆಕ್ಟ್ರೀಷಿಯನ್ನನನ್ನು ಕರೆಸಿರಿ.

ಬಗ್ಗಿ ಕಡಾಣಿಯನ್ನು ನೋಡುತ್ತಿದ್ದ ಆ ಗಾಡಿಯವನು ಜೌಲನ ನಿಯಮವನ್ನು ಓದಿದವನಲ್ಲ. ಆದರೂ ತನ್ನನ್ನು ನಂಬಿ ಗಾಡಿಯಲ್ಲಿ ಕುಳಿತವರ ಕ್ಷೇಮವು ತನ್ನ ಹೊಣೆಯೆಂಬುದನ್ನು ಅವನು ಅರಿತಿದ್ದನು. ಆ ಅರಿವು ಇಂದಿಗೂ ನಮಗೆ ಬೇಕಾಗಿದೆ.