ಸಾತ್ ಭಾಯಿಗಳ ಪಾಠಶಾಲೆ

ಕಳೆದ ವರ್ಷ ಜುಲೈನಲ್ಲಿ ನಾನೊಂದು ತಪ್ಪು ಮಾಡಿದೆ. ಅಂತರಘಟ್ಟೆಯಲ್ಲಿ ನಮ್ಮ ಮನೆಯ ಹಿಂದೆ ಒಂದು ಹಕ್ಕಿಮರಿ ನೆಲದ ಮೇಲೆ ಕೂತು ಕೂಗುತ್ತಿತ್ತು. ಮೋಟು ಬಾಲ, ಹಾರಲು ಬರುತ್ತಿರಲಿಲ್ಲ. ಗೂಡಿನಿಂದ ಬಿದ್ದಿದೆ, ತಾಯಿ ಬಿಟ್ಟುಹೋಗಿದೆ ಎಂದುಕೊಂಡು ಟಿಫಿನ್ ಬಾಕ್ಸಿನಲ್ಲಿಟ್ಟು ಒಳಗೆ ತಂದೆ. ಹಾಲಿನಲ್ಲಿ ನೆನೆಸಿದ ಬ್ರೆಡ್ ತಿನ್ನಿಸಿದೆ. ಕತ್ತಲಾಗುವವರೆಗೂ ಐದಾರು ಹಕ್ಕಿಗಳು ಕಿಟಕಿಯ ಹತ್ತಿರ ಗಲಾಟೆ ಮಾಡುತ್ತಲೇ ಇದ್ದವು. ಯಾಕೆಂದು ನನಗೆ ಹೊಳೆಯಲಿಲ್ಲ. ಬೆಳಿಗ್ಗೆ ನೋಡಿದರೆ ಮರಿ ಸತ್ತಿತ್ತು.

"ಅವು ಸಾತ್ ಭಾಯಿ. ತಮ್ಮ ಮಗುವನ್ನು ಕೇಳಲು ಬಂದಿದ್ದವು" ಎಂದರು ದಾದಿ.

ಸಾತ್ ಭಾಯಿ ಎಂದರೆ ಏಳು ಅಣ್ಣತಮ್ಮಂದಿರು. ಕನ್ನಡದಲ್ಲಿ ಈ ಹಕ್ಕಿಯ ಹೆಸರು ಹರಟೆಮಲ್ಲ. ಎರಡು ಹೆಸರೂ ಸರಿಯೇ. ಮಣ್ಣು ಬಣ್ಣದ ಈ ಹಕ್ಕಿಗಳು ಯಾವಾಗಲೂ ಗುಂಪಿನಲ್ಲೇ ಇರುತ್ತವೆ, ಯಾವಾಗಲೂ ಹರಟುತ್ತಿರುತ್ತವೆ. ಮರಿಗೆ ಗುಟುಕು ಕೊಡುವುದು ತಂದೆತಾಯಿ ಮಾತ್ರವಲ್ಲ, ಗುಂಪಿನ ಬೇರೆ ಹಕ್ಕಿಗಳೂ ಕೊಡುತ್ತವೆ. ನಮ್ಮ ಕೂಡುಕುಟುಂಬದ ಹಾಗೆ.

ಈ ವರ್ಷ ಜೂನ್‌ನಲ್ಲಿ ಪಟ್ಟಣದ ಪಾರ್ಕಿನಲ್ಲಿ ಅಂಥದೇ ಮರಿಯೊಂದು ಕಾಣಿಸಿತು. ಕಾಲೇಜು ಬಿಟ್ಟ ಮೇಲೆ ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಹತ್ತು ದಿನ ಅದನ್ನೇ ನೋಡಿದೆ. ಕಾಮರ್ಸ್ ವಿದ್ಯಾರ್ಥಿಯಾದ್ದರಿಂದ ಅಕೌಂಟ್ಸ್ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎರಡು ಕಾಲಂ ಎಳೆದೆ: 'ದೊಡ್ಡವು ಕೊಟ್ಟದ್ದು', 'ತಾನೇ ಹುಡುಕಿದ್ದು'.

ಮೊದಲ ದಿನ ಎರಡನೇ ಕಾಲಂ ಖಾಲಿ. ಮರಿ ಬೇಲಿಗಿಡದ ಕೆಳಗೆ ರೆಕ್ಕೆ ಅದುರಿಸುತ್ತಾ, ಬಾಯಿ ತೆರೆದು ಕೂತಿತ್ತು. ದೊಡ್ಡವು ಸರದಿಯಲ್ಲಿ ಹುಳ ತಂದು ತುರುಕುತ್ತಿದ್ದವು. ನಾಲ್ಕನೇ ದಿನ ಒಂದು ಹಕ್ಕಿ ಹುಳ ಕಚ್ಚಿಕೊಂಡು ಬಂದು ಒಂದು ಮೊಳ ದೂರದಲ್ಲೇ ನಿಂತಿತು. ಮೆಲ್ಲಗೆ ಕೂಗಿ ಹಿಂದಕ್ಕೆ ಸರಿಯಿತು. ಮರಿ ಕುಪ್ಪಳಿಸುತ್ತಾ ಬೆನ್ನು ಹತ್ತಿತು. ಆರನೇ ದಿನ ದೊಡ್ಡದು ಒಣಎಲೆ ಮಗುಚಿ ಹಾಕುತ್ತಿತ್ತು, ಪಕ್ಕದಲ್ಲಿ ಮರಿಯೂ ಎಲೆ ಮಗುಚುತ್ತಿತ್ತು. ಅದಕ್ಕೆ ಸಿಕ್ಕಿದ್ದು ಒಂದು ಕಡ್ಡಿ. ಉಗುಳಿ ಮತ್ತೆ ಹುಡುಕಿತು. ಎಂಟನೇ ದಿನ ಎರಡನೇ ಕಾಲಂನಲ್ಲಿ ಮೊದಲ ಗೆರೆ ಎಳೆದೆ.

ಇದನ್ನು ಪಾಠ ಎನ್ನಬಹುದೇ? ವಿಜ್ಞಾನಿಗಳು ಈ ಮಾತನ್ನು ಸುಲಭಕ್ಕೆ ಬಳಸುವುದಿಲ್ಲ. ಕಾರೋ ಮತ್ತು ಹೌಸರ್ ಎಂಬ ವಿಜ್ಞಾನಿಗಳು 1992ರಲ್ಲಿ ಮೂರು ಷರತ್ತು ಹಾಕಿದರು. ತಿಳಿಯದವರು ಎದುರಿಗಿದ್ದಾಗ ಮಾತ್ರ ಗುರು ತನ್ನ ನಡವಳಿಕೆ ಬದಲಿಸಬೇಕು. ಅದರಿಂದ ಗುರುವಿಗೆ ಖರ್ಚಿರಬೇಕು, ಇಲ್ಲವೇ ಕನಿಷ್ಠ ತಕ್ಷಣದ ಲಾಭವಾದರೂ ಇರಬಾರದು. ಅದರಿಂದ ಶಿಷ್ಯ ಬೇಗ ಕಲಿಯಬೇಕು. ಈ ಪರೀಕ್ಷೆಯಲ್ಲಿ ಪಾಸಾದ ಪ್ರಾಣಿಗಳು ಕಡಿಮೆ. ಅವುಗಳಲ್ಲಿ ಒಂದು ನಮ್ಮ ಹರಟೆಮಲ್ಲದ ಆಫ್ರಿಕಾದ ನೆಂಟ. ಕಲಹಾರಿ ಮರುಭೂಮಿಯ ಕಪ್ಪುಬಿಳುಪು ಹರಟೆಮಲ್ಲಗಳ ಬಗ್ಗೆ ರೈಹಾನಿ ಮತ್ತು ರಿಡ್ಲಿ 2008ರಲ್ಲಿ ಬರೆದರು. ಮರಿಗಳು ಗೂಡು ಬಿಡುವ ಕೆಲವೇ ದಿನ ಮುಂಚೆ ದೊಡ್ಡವು ಗುಟುಕು ಕೊಡುವಾಗಲೆಲ್ಲ ಒಂದು ವಿಶೇಷ ಕೂಗು ಹಾಕತೊಡಗುತ್ತವೆ. ಆ ಕೂಗೆಂದರೆ ಊಟ ಎಂದು ಮರಿ ಕಲಿಯುತ್ತದೆ. ಮುಂದೆ ಅದೇ ಕೂಗಿನಿಂದ ಮರಿಯನ್ನು ಊಟದ ಕಡೆಗೆ ಕರೆಯಬಹುದು, ಅಪಾಯದಿಂದ ದೂರ ಕರೆದೊಯ್ಯಬಹುದು.

ನಾನು ಪಾರ್ಕಿನಲ್ಲಿ ಕಂಡದ್ದರಲ್ಲಿ ಕಲಿಸಿದ್ದೆಷ್ಟು, ಮರಿಯೇ ನೋಡಿ ಕಲಿತದ್ದೆಷ್ಟು ಎಂದು ಕಾಲಂ ಎಳೆದು ಬೇರೆ ಮಾಡಲಾಗುವುದಿಲ್ಲ. ಆದರೆ ಒಂದು ವಿಷಯ ಸ್ಪಷ್ಟವಾಯಿತು. ನೆಲದ ಮೇಲಿದ್ದ ಆ ಮರಿ ಅನಾಥವಲ್ಲ, ಅದು ತರಗತಿಯಲ್ಲಿತ್ತು.

ಸರಿಯಾಗಿ ಹಾರಲು ಬರುವ ಮುಂಚೆಯೇ ಮರಿ ಗೂಡು ಬಿಡುವುದೇಕೆ? ಗೂಡು ಒಂದೇ ಕಡೆ ಇರುತ್ತದೆ, ಮರಿಗಳ ಕೂಗು ಹಾವಿಗೂ ಕಾಗೆಗೂ ಕೇಳಿಸುತ್ತದೆ. ಒಂದೇ ಗೂಡಿನಲ್ಲಿದ್ದರೆ ಎಲ್ಲವೂ ಒಟ್ಟಿಗೆ ಸಿಕ್ಕಿಬೀಳುತ್ತವೆ. ಪೊದೆಗಳಲ್ಲಿ ಚದುರಿದರೆ ಕೆಲವಾದರೂ ಉಳಿಯುತ್ತವೆ.

ಆದ್ದರಿಂದ ಸ್ನೇಹಿತರೇ, ಮೈತುಂಬ ಗರಿಯಿದ್ದು ಕುಪ್ಪಳಿಸುವ ಮರಿ ಕಂಡರೆ ಬಿಟ್ಟುಬಿಡಿ, ದೂರದಿಂದ ನೋಡಿ. ರಸ್ತೆಯಲ್ಲಿದ್ದರೆ ಹತ್ತಿರದ ಪೊದೆಯೊಳಗೆ ಇಡಿ. ಗರಿಯೇ ಬಾರದ ಮರಿಯಾದರೆ ಗೂಡಿಗೆ ಮರಳಿಸಿ. ಮನುಷ್ಯರು ಮುಟ್ಟಿದರೆ ತಾಯಿ ಹತ್ತಿರ ಸೇರಿಸುವುದಿಲ್ಲ ಎಂಬುದು ತಪ್ಪು ನಂಬಿಕೆ. ಹಾಲು, ಬ್ರೆಡ್ ಮಾತ್ರ ಕೊಡಬೇಡಿ.

ಒಂಬತ್ತನೇ ದಿನ ಒಬ್ಬ ಚಿಕ್ಕ ಹುಡುಗ ಮರಿಯನ್ನು ಹಿಡಿಯಲು ಕೈಚೀಲ ಬಿಡಿಸಿಕೊಂಡು ಹೋದ. "ಪಾಪ ಅಕ್ಕಾ, ಬಿದ್ದುಬಿಟ್ಟಿದೆ" ಎಂದ. ಅವನನ್ನು ಬೆಂಚಿನ ಮೇಲೆ ಕೂರಿಸಿ, ಸುಮ್ಮನೆ ನೋಡು ಎಂದೆ. ಸ್ವಲ್ಪ ಹೊತ್ತಿಗೆ ದೊಡ್ಡ ಹಕ್ಕಿ ಬಂತು. "ಅದರ ಅಮ್ಮನಾ?" ಎಂದ. "ಅಮ್ಮನೋ, ಚಿಕ್ಕಪ್ಪನೋ" ಎಂದೆ. ಇಬ್ಬರೂ ನಗುತ್ತಾ ಅಲ್ಲೇ ಕೂತೆವು. ಅವತ್ತು ನನ್ನ ಬಸ್ಸು ತಪ್ಪಿತು. ಮನೆಯಲ್ಲಿ ಬೈಸಿಕೊಂಡೆ, ದಾದಿ ಮಾತ್ರ ಬೈಯಲಿಲ್ಲ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ